ಮಣಿಕಟ್ಟಿನಿಂದ ಹತ್ತು

ನಾನು ಕೆಲಸ ಮಾಡುವ ಬಡಾವಣೆಗೆ ಪಾಷಾಣವೆಂದು ಹೆಸರು.
ಊರಲ್ಲಿ ಸೋದರತ್ತೆ ಕೇಳಿ ಬೆಚ್ಚಿದ್ದಳು: ಕಲ್ಲೋ, ವಿಷವೋ?
ಎರಡೂ ಅಲ್ಲ ಅತ್ತೆ, ಪುಣೆಯ ಸಿಟಿ ಬಸ್ಸು ಹೋಗುವ ಜಾಗ.
ಅಲ್ಲೊಂದು ತಗಡಿನ ಶೆಡ್ಡಿನಲ್ಲಿ, ಮೈನಸ್ ಹದಿನೆಂಟರಲ್ಲಿ,
ನಾನು ಮಂಜು ಬೆಳೆಯುತ್ತೇನೆ.

ಹೊರಗೆ ಫೆಬ್ರುವರಿಯ ಬಿಸಿಲು, ಕಬ್ಬಿನ ಹಾಲಿನ ಗಾಣದ ಗೆಜ್ಜೆ.
ಒಳಗೆ ನನ್ನ ಎರಡು ಸ್ವೆಟರು, ಢೇರೆ ಮಾಮಾನ ಕಂಪ್ರೆಸರಿನ ಕೆಮ್ಮು,
ಒಂದು ಗಾಜಿನ ಪೆಟ್ಟಿಗೆ:
ಬುಡ ಬೆಚ್ಚಗೆ, ತಲೆ ತಣ್ಣಗೆ.
ಅಷ್ಟು ಸಾಕು. ಉಗಿ ರಾತ್ರಿಯೆಲ್ಲ ಕೆಳಗಿಂದ ಮೇಲಕ್ಕೆ ನಡೆದು
ಮೆತ್ತನೆಯ ಮಂಜನ್ನು ಸಕ್ಕರೆ ಮಾಡುತ್ತದೆ.
ಅಂಚುಳ್ಳ ಹರಳು, ಮಿನುಗುವ ಹರಳು,
ಒಂದು ಇನ್ನೊಂದರ ಕೈ ಹಿಡಿಯದ ಹರಳು.
ಮೇಲೆ ಎಷ್ಟು ಹೊಸದು ಬಿದ್ದರೂ ಹೊರುತ್ತದೆ,
ಹೊರುತ್ತಲೇ ಇರುತ್ತದೆ
ಒಬ್ಬ ಮನುಷ್ಯ ಬರುವ ತನಕ.

ನಮ್ಮ ಮಾತಿನಲ್ಲಿ ಇದಕ್ಕೆ ಹೆಸರಿಲ್ಲ.
ಹುಲ್ಲಿನ ಮೇಲಿನದ್ದು, ರಸ್ತೆ ಮುಚ್ಚುವಂಥದ್ದು,
ಫ್ರಿಜ್ಜಿನ ಗೋಡೆಯದ್ದು, ಹಿಮಾಲಯದ್ದು,
ಎಲ್ಲಕ್ಕೂ ಮಂಜು ಎಂದು ಮುಗಿಸಿಬಿಟ್ಟವರು ನಾವು.
ನೋಟುಬುಕ್ಕಿನಲ್ಲಿ ಸಕ್ಕರೆಪದರ ಎಂದು ಬರೆದೆ.
ಹೊಡೆದುಹಾಕಿ, ಹುಸಿನೆಲ ಎಂದು ಬರೆದೆ.

ಶುಕ್ರವಾರ ಗುಲ್ಮಾರ್ಗದಿಂದ ಇಂದ್ರನೀಲ ಘಾಟಪಾಂಡೆಯ ಫೋನು.
ಸದಾಶಿವ ಪೇಠೆಯ ಹುಡುಗ, ಕಾಲಿಗೆ ಸ್ಕೀ ಕಟ್ಟಿದರೆ
ಮನೆಯ ವಿಳಾಸ ಮರೆಯುವವನು.
"ಇವತ್ತು ಅಪಾಯ ಮೂರಂತೆ ಮೇಡಂ, ಐದಕ್ಕೆ ಮೂರು.
ರೋಪ್‌ವೇ ಆಚೆಯ ಇಳಿಜಾರಿನಲ್ಲಿ ಒಂದೂ ಗೆರೆ ಬಿದ್ದಿಲ್ಲ.
ಹೋಗಲಾ?"

ಮೂರು.
ನಾಲ್ಕು ಎಂದರೆ ಜನ ಹೆದರಿ ಚಹಾ ಕುಡಿಯುತ್ತ ಕೂರುತ್ತಾರೆ.
ಎರಡು ಎಂದರೆ ಗುಡ್ಡವೂ ಹೆಚ್ಚುಕಡಿಮೆ ಸುಮ್ಮನಿರುತ್ತದೆ.
ಮೂರು ಅಂದರೆ ಅರ್ಧ ತೆರೆದ ಬಾಗಿಲು;
ಯಾರೂ ಬಾ ಎನ್ನಲಿಲ್ಲ, ಯಾರೂ ಬೇಡ ಎನ್ನಲಿಲ್ಲ.

ಗುಂಡಿ ತೋಡು, ಎಂದೆ. ಎದೆಮಟ್ಟ.
ಒಂದು ಕಂಬ ಕೊಯ್ದು ಬಿಡಿಸು, ಸಲಿಕೆಯನ್ನು ಅದರ ತಲೆಗೆ ಬೋರಲಿಡು.
ಈಗ ಬಡಿ:
ಮಣಿಕಟ್ಟಿನಿಂದ ಹತ್ತು, ರೊಟ್ಟಿ ತಟ್ಟುವ ಹಾಗೆ.
(ಭಾಕರಿ ಕಣೋ, ನಿಮ್ಮ ಆಯಿ ತಟ್ಟುವುದು ನೋಡಿಲ್ಲವಾ?)
ಮೊಣಕೈಯಿಂದ ಹತ್ತು, ಜಮಖಾನೆಯ ಧೂಳು ಕೊಡವುವ ಹಾಗೆ.
ಭುಜದಿಂದ ಹತ್ತು,
ನಡುರಾತ್ರಿ ಇನ್ನೊಬ್ಬರ ಕದ ಬಡಿಯುವ ಹಾಗೆ.

ಫೋನನ್ನು ಮಂಜಿನ ಮೇಲಿಟ್ಟು ಎಣಿಸಿದ, ಮರಾಠಿಯಲ್ಲಿ.
ಏಕ್, ದೋನ್, ತೀನ್. ದಹಾಕ್ಕೆ ತಡೆದ.
ಅಕರಾ.
ಸದ್ದು ಬಂತು. ದೊಡ್ಡದೇನಲ್ಲ,
ಮೇಜಿನ ಡ್ರಾಯರು ಸರಕ್ಕನೆ ಈಚೆ ಬಂದಷ್ಟು.
ಇಡೀ ಹಲಗೆ ಚಪ್ಪಟೆಯಾಗಿ ಜಾರಿ ಅವನ ತೊಡೆಯ ಮೇಲೆ ಬಿದ್ದಿತ್ತು.
ಅಡಿಯಲ್ಲಿ ಏನಿದೆ, ಕೇಳಿದೆ.
"ಸಾಖರ," ಎಂದ.

ತಿರುಗಿ ಹೋದರು. ನಾಲ್ಕು ಜನ. ಒಬ್ಬಳು ಅತ್ತಳಂತೆ,
ಹತ್ತು ತಿಂಗಳು ದುಡ್ಡು ಕೂಡಿಟ್ಟು ಬಂದವಳು.

ಸೋಮವಾರ ಬೇರೆ ಆರು ಜನ ಅದೇ ಇಳಿಜಾರಿನಲ್ಲಿ ಇಳಿದರು.
ಗುಡ್ಡ ಮಿಸುಕಲಿಲ್ಲ.
ಇಂದ್ರನೀಲ ಫೋಟೋ ಕಳಿಸಿದ: ಬಿಸಿಲಿಗೆ ಕಂದಿದ ಆರು ನಗು,
ಹಿಂದೆ ಬಿಳಿಯ ಮೇಲೆ ಆರು ಗೆರೆ,
ಕೈಹೊಲಿಗೆಯಷ್ಟು ಚೆಂದ.
ಕೆಳಗೆ ಅವನು ಏನೂ ಬರೆದಿರಲಿಲ್ಲ. ನಾನೂ ಬರೆಯಲಿಲ್ಲ.
ಆಗದೇ ಹೋದದ್ದಕ್ಕೆ ರಸೀದಿ ಹರಿದು ಕೊಡುವವರು ಯಾರು?

ಅವತ್ತೇ ಸಂಜೆ ಕರೆಂಟು ಹೋಯಿತು.
ಢೇರೆ ಮಾಮಾ ಜನರೇಟರಿನ ಹಗ್ಗ ಎಳೆದೂ ಎಳೆದೂ ಸೋತ.
ಬೆಳಿಗ್ಗೆ ನೋಡಿದರೆ ಹತ್ತೊಂಬತ್ತು ದಿನ ಸಾಕಿದ ಹುಸಿನೆಲ
ಪೆಟ್ಟಿಗೆಯ ತಳದಲ್ಲಿ ಎರಡು ಬೆರಳು ನೀರು.
ಚೆಲ್ಲಲಾ, ಎಂದ ಮಾಮಾ.
ತಡಿ, ಎಂದು ಅದರ ಮೇಲೆ ಅಂಗೈ ಇಟ್ಟು
ಮಣಿಕಟ್ಟಿನಿಂದ ಒಂದು ತಟ್ಟಿದೆ.
ಒಂದಕ್ಕೇ ಮುರಿಯಿತು.
ಮತ್ತೆ ಕೂಡಿತು.